ಅಂಗೈಯಲ್ಲಿ ಒಣಗಿದ ಪೆಟ್ರೋಲು

ಇವತ್ತು ನಲ್ಲಿ ಬರುವ ಮೊದಲೇ ಎದ್ದು ಒಂದು ಹಂಡೆ, ಮೂರು ಕೊಡ ನೀರು ಹಿಡಿದೆ. ಅಂಗಳ ಗುಡಿಸಿ ಬೇವಿನ ಎಲೆಗಳನ್ನು ಒಂದು ಕಡೆ ಕೂಡಿಹಾಕಿದೆ. ಜೋಳವನ್ನು ಗಿರಣಿಗೆ ಕೊಟ್ಟು, ತಿರುಗಿ ಬರುವಾಗ ಶರಣಬಸವೇಶ್ವರ ಗುಡಿಯ ಮುಂದೆ ನಿಂತು ಕೈಮುಗಿದು, ಎರಡು ಸಿವುಡು ಪುಂಡಿಪಲ್ಲೆ ಸೊಪ್ಪು ತಂದೆ. ಅಳಿಯ ಬಸಲಿಂಗನ ಮೋಟರ್ ಸೈಕಲ್ಲಿನ ಪೆಟ್ರೋಲ್ ನಳ ಬಿಚ್ಚಿ ಸೋರದಂತೆ ಒಳಗಿನ ಬೆಂಡು ಬದಲಿಸಿದೆ. ಹೆಂಡತಿ ಗಂಗಮ್ಮನ ಕನ್ನಡಕದ ಕಡ್ಡಿಗೆ ದಾರ ಸುತ್ತಿಕೊಟ್ಟೆ. ಹತ್ತು ಗಂಟೆಯ ಬಸ್ಸಿಗೆ ಕಮಲಾಪುರದಿಂದ, ನನಗೆ ಪಂಪಿನ ಕೆಲಸ ಕಲಿಸಿದ ಉಸ್ತಾದರು ಬರುವವರಿದ್ದರು. ಸ್ಟ್ಯಾಂಡಿಗೆ ಹೋಗಿ ಕೈಹಿಡಿದು ಇಳಿಸಿಕೊಂಡು ಬಂದೆ. ಈಗ ಅವರು ಪಡಸಾಲೆಯ ಮಂಚದ ಮೇಲೆ ಕೂತು ಬಸಿಯಲ್ಲಿ ಚಹಾ ಆರಿಸಿಕೊಳ್ಳುತ್ತಿದ್ದಾರೆ. ಅಡುಗೆಗೆ ಇನ್ನೂ ಹೊತ್ತಿದೆ. ಅಷ್ಟರಲ್ಲಿ ಇದನ್ನು ಬರೆಯಲು ಕೂತಿದ್ದೇನೆ.

ಬರೆಯಲು ಕಾರಣ ಬಸಲಿಂಗನೇ. ಹೋದ ವಾರ ಅವನಿಗೆ ಪೆಟ್ರೋಲ್ ಪಂಪಿನಲ್ಲಿ ಕೆಲಸವಾಯಿತು. ಮೂವತ್ತು ವರ್ಷ ಅದೇ ಕೆಲಸ ಮಾಡಿ, ಕೆಮ್ಮು ಹೆಚ್ಚಾಗಿ ಐವತ್ತೆರಡಕ್ಕೇ ಮನೆಗೆ ಬಂದವನು ನಾನು. ನಿನ್ನೆ ಊಟಕ್ಕೆ ಕೂತಾಗ ಅವನು ಕೇಳಿದ:

“ಮಾವಾರ, ಮೋಟರ್ ಸೈಕಲ್ಲಿನವ್ರು ಬಂದು ಯಾವ ಪೆಟ್ರೋಲ್ ಛಲೋ, ಸಾದಾ ಹಾಕಿಸ್ಲೋ, ರೊಕ್ಕ ಹೆಚ್ಚಿನ ಹೈ ಹಾಕಿಸ್ಲೋ, ಯಾವ ಕಂಪನಿದು ಹಾಕಿಸ್ಲಿ ಅಂತ ಕೇಳ್ತಾರ. ಏನ್ ಹೇಳ್ಬೇಕ್ರಿ?”

ಎರಡು ಮಾತಿನಲ್ಲಿ ಹೇಳಿಬಿಡಬಹುದಿತ್ತು. ಆದರೆ ಅದೇ ಪ್ರಶ್ನೆಗೆ ನಾನು ಒಮ್ಮೆ ಎರಡೇ ಮಾತಿನಲ್ಲಿ ಉತ್ತರ ಕೊಟ್ಟಿದ್ದೆ. ಅದರಿಂದ ಏನಾಯಿತು ಎಂಬುದನ್ನು ಅವನು ತಿಳಿದಿರಲಿ ಎಂದು ಉದ್ದಕ್ಕೆ ಬರೆಯುತ್ತಿದ್ದೇನೆ.

ನಾನು ಪಂಪಿಗೆ ಸೇರಿದಾಗ ನಿಜಾಮರ ರಾಜ್ಯ. ಸ್ಟೇಷನ್ ರಸ್ತೆಯಲ್ಲಿ ನಮ್ಮ ಶೇಟ್‌ಜಿಯವರ ಪಂಪು. ಕರೆಂಟು ಗಿರೆಂಟು ಏನೂ ಇಲ್ಲ. ತಲೆಯ ಮೇಲೆ ಎರಡು ಗಾಜಿನ ಬುರುಡೆ. ಹಿಡಿಕೆ ಹಿಡಿದು ಹಿಂದೆ ಮುಂದೆ ಆಡಿಸಿದರೆ ನೆಲದೊಳಗಿನ ಟಾಕಿಯಿಂದ ಪೆಟ್ರೋಲು ಏರಿ ಒಂದು ಬುರುಡೆ ತುಂಬುತ್ತಿತ್ತು. ಅದು ಗಾಡಿಗೆ ಇಳಿಯುವಾಗ ಇನ್ನೊಂದು ತುಂಬಬೇಕು. ದಿನದ ಕೊನೆಗೆ ಬಲಗೈ ರಟ್ಟೆ ಎತ್ತಲು ಬರುತ್ತಿರಲಿಲ್ಲ. ಪಂಪಿನ ಹಿಂದೆ ತಗಡಿನ ಷೆಡ್ಡು. ಡ್ರಮ್ಮು, ಗ್ರೀಸು, ಎಣ್ಣೆ ಡಬ್ಬಿ ಎಲ್ಲ ಅದರೊಳಗೆ. ಷೆಡ್ಡಿನ ಕೀಲಿಕೈ ಉಸ್ತಾದರ ಸೊಂಟದಲ್ಲಿ.

ಉಸ್ತಾದರ ಹೆಸರು ಖಾಜಾ ಮಿಯಾ. ಆಗ ಅವರಿಗೆ ಐವತ್ತರ ಹತ್ತಿರ. ಗಾಡಿ ದೂರದಲ್ಲಿ ಬರುವಾಗಲೇ ಅದರ ದನಿ ಕೇಳಿ, “ಇಂವಾ ಕಾರ್ಬನ್ ತೆಗೆಸಿಲ್ಲ ನೋಡು” ಎನ್ನುತ್ತಿದ್ದರು. ಅವರು ನನಗೆ ಕಲಿಸಿದ ಮೊದಲ ವಿದ್ಯೆ ಅಂಗೈಯದು. ಪೆಟ್ರೋಲಿನ ಒಂದು ಹನಿ ಅಂಗೈ ನಡುವೆ ಬಿಟ್ಟುಕೊಂಡು ಊದಬೇಕು. ತಣ್ಣಗೆ ಕೊರೆದು ತಟ್ಟನೆ ಒಣಗಿದರೆ ಶುದ್ಧ. ಜಿಡ್ಡು ಉಳಿದು ಬೆರಳಿಗೆ ಜಾರಿದರೆ ಗ್ಯಾಸ್ ಎಣ್ಣೆ, ಅಂದರೆ ಸೀಮೆಎಣ್ಣೆ, ಕೂಡಿಸಿದ್ದಾರೆಂದು ಅರ್ಥ.

“ಬಣ್ಣ ನೋಡಬ್ಯಾಡೋ ಶರಣೂ. ಬಣ್ಣ ಯಾರ್ ಬೇಕಾದವ್ರು ಹಾಕ್ತಾರ. ಅಂಗೈ ನೋಡು.”

ಒಂದು ವರ್ಷದಲ್ಲಿ ನನ್ನ ಅಂಗೈ ಎಷ್ಟು ಪಳಗಿತೆಂದರೆ, ಚಹಾದ ಹೋಟೆಲಿನಲ್ಲಿ ಜನ ನನ್ನ ಕೈಹಿಡಿದು ನೋಡುತ್ತಿದ್ದರು. ನನಗೂ ಅದರ ಸೊಕ್ಕಿತ್ತು.

ಆ ಕಾಲದ ಜನಕ್ಕೆ ಕಂಪನಿಯ ಹುಚ್ಚು ಬಹಳ. ಮುಚ್ಚಳಕ್ಕೆ ಕೆಂಪು ಬಣ್ಣ ಬಳಿದು ಮುದ್ರೆ ಒತ್ತಿದ ಡ್ರಮ್ಮಿನ ಪೆಟ್ರೋಲೆಂದರೆ ಎಲ್ಲಕ್ಕಿಂತ ಮೇಲು ಎಂದು ನಂಬಿಕೆ. ರಸ್ತೆ ಕಾಂಟ್ರಾಕ್ಟರರೊಬ್ಬರು ಹಳೆಯ ಮೋಟರ್ ಸೈಕಲ್ ತಂದು, ಏರಿನಲ್ಲಿ ಎಂಜಿನ್ ಟಕಟಕ ಕುಟ್ಟುತ್ತದೆ, ನಿಮ್ಮ ಪಂಪಿನ ಪೆಟ್ರೋಲೇ ಸರಿಯಿಲ್ಲ, ಕೆಂಪು ಮುಚ್ಚಳದ್ದೇ ಹಾಕಿ ಎಂದು ಪಟ್ಟು ಹಿಡಿದರು. ಉಸ್ತಾದರು ಗಾಡಿಯ ಸುತ್ತ ಒಂದು ಸುತ್ತು ಹಾಕಿ, ಕಿವಿಗೊಟ್ಟು, “ಸಾಹೇಬ್ರ, ಹುಲಿ ಹಾಲು ಹಾಕಿದ್ರೂ ಇದು ಹಿಂಗೇ ಕುಟ್ಟತದ. ಮೊದ್ಲು ತಲಿ ಬಿಚ್ಚಿಸ್ರಿ” ಎಂದರು.

“ನನ್ನ ತಲಿಯೇನು?”

“ಎಂಜಿನ್ ತಲಿ ರೀ! ನಿಮ್ಮದು ಆಮ್ಯಾಲ ನೋಡೋಣ.”

ನಿಂತವರೆಲ್ಲ ನಕ್ಕರು. ತಲೆ ಬಿಚ್ಚಿದಾಗ ಒಳಗೆ ಒಲೆಯ ಮಸಿಯಂತೆ ಕರಿ ಕಟ್ಟಿತ್ತು. ಕೆರೆದು ಹಾಕಿದ ಮೇಲೆ ಸಾದಾ ಪೆಟ್ರೋಲಿನಲ್ಲೇ ಗಾಡಿ ಏರು ಹತ್ತಿತು. ಅದನ್ನು ನನ್ನ ಕಣ್ಣಾರೆ ನೋಡಿದೆ. ನೋಡಿಯೂ, ಕೆಂಪು ಮುಚ್ಚಳದ ಮೇಲಿನ ನಂಬಿಕೆ ನನ್ನ ಮನಸ್ಸಿನಿಂದ ಹೋಗಲಿಲ್ಲ.

ನಿಜಾಮರ ರಾಜ್ಯ ಮುಗಿಸಿದ ಪೊಲೀಸ್ ಆ್ಯಕ್ಷನ್ನಿನ ಮುಂಚಿನ ತಿಂಗಳುಗಳಲ್ಲಿ ಗಡಿಯಾಚೆಯಿಂದ ಪೆಟ್ರೋಲು ಬರುವುದು ನಿಂತಿತು. ಆಗ ಪೆಟ್ರೋಲಿಗೆ ಸ್ಪಿರಿಟ್ಟು ಕೂಡಿಸಿ ಮಾರುವುದು ಶುರುವಾಯಿತು. ಗಾಡಿಗಳು ಬೆಳಿಗ್ಗೆ ಎದ್ದೇಳಲು ಕಾಡಿಸುತ್ತಿದ್ದವು, ಬೇಗ ಕಾಯುತ್ತಿದ್ದವು, ಹೊಗೆಗೆ ಸಿಹಿ ವಾಸನೆ. ಪಂಪಿಗೆ ಯಾರು ಬಂದರೂ ಹಾಕಲೇಬೇಕು. ನಿಜಾಮರ ಪರ ಬಂದೂಕು ಹಿಡಿದ ರಜಾಕಾರರ ಗಾಡಿ ಬಂದಾಗಲೂ ಹಿಡಿಕೆ ಆಡಿಸಿದ್ದೇವೆ. ಉಸ್ತಾದರೂ ಆಡಿಸಿದ್ದಾರೆ, ನಾನೂ ಆಡಿಸಿದ್ದೇನೆ. ಆಮೇಲೆ ಮಿಲಿಟರಿ ಬಂತು. ರಾಜ್ಯದ ಆಡಳಿತ ಬದಲಾಯಿತು. ರೇಷನ್ ಚಿಟ್ಟಿಗೆ ಇಷ್ಟೇ ಎಂದು ಅಳೆದು ಒಳ್ಳೆಯ ಪೆಟ್ರೋಲು ಮತ್ತೆ ಬರತೊಡಗಿತು. ಆದರೆ ಊರಿನಲ್ಲಿ ಮಾತು ಕಡಿಮೆಯಾಗಿತ್ತು. ಮೊದಲು ಉಸ್ತಾದರ ಹೆಗಲ ಮೇಲೆ ಕೈಹಾಕಿ ಹರಟುತ್ತಿದ್ದವರು ಈಗ ಗಾಡಿಯ ಮೇಲೆ ಕೂತೇ ಚಿಟ್ಟಿ ಚಾಚುತ್ತಿದ್ದರು. ಉಸ್ತಾದರು ಒಂದು ದಿನವೂ ಆ ಬಗ್ಗೆ ಆಡಿಕೊಳ್ಳಲಿಲ್ಲ. ಪೆಟ್ರೋಲ್ ಹಾಕಿ, ಟಾಕಿಯ ಬಾಯಿ ಒರೆಸಿ, ಸಲಾಂ ಹೊಡೆದು ಕಳಿಸುತ್ತಿದ್ದರು.

ಅದಾಗಿ ಎರಡು ತಿಂಗಳು ಕಳೆದಿರಬೇಕು. ಕಮಲಾಪುರದಲ್ಲಿ ವಾಂತಿಭೇದಿಯ ಬೇನೆ ಬಿತ್ತು. ಸರಕಾರಿ ದವಾಖಾನೆಗೆ ಧಾರವಾಡ ಕಡೆಯಿಂದ ಹೊಸದಾಗಿ ಬಂದ ಡಾಕ್ಟರು ಮಿಲಿಟರಿಯವರು ಬಿಟ್ಟ ಒಂದು ಮೋಟರ್ ಸೈಕಲ್ಲಿನ ಮೇಲೆ ಔಷಧಿ ಪೆಟ್ಟಿಗೆ ಕಟ್ಟಿಕೊಂಡು ಹೋಗಿಬರುತ್ತಿದ್ದರು. ಒಂದು ಶುಕ್ರವಾರ ಮಧ್ಯಾಹ್ನ ಅವಸರದಲ್ಲಿ ಬಂದರು. ಉಸ್ತಾದರು ನಮಾಜಿಗೆ ಹೋಗಿದ್ದರು. ಹೋಗುವಾಗ ಎಂದಿನಂತೆ ಷೆಡ್ಡಿನ ಕೀಲಿಕೈ ನನ್ನ ಕೈಗೆ ಕೊಟ್ಟಿದ್ದರು.

“ಏನಪಾ, ಯಾವುದು ಛಲೋ ಪೆಟ್ರೋಲ್ ಐತಿ ಅದನ್ನ ಹಾಕು. ನಡುದಾರಿಯೊಳಗ ನಿಂತಗಿಂತಿತು. ಒಂದು ಹೆಣ್ಣುಮಗಳದು ಭಾಳ ವಿಷಮ ಐತಿ ಅಂತ ಸುದ್ದಿ ಬಂದೈತಿ” ಎಂದರು.

ಪಂಪಿನ ಟಾಕಿ ತಳ ಮುಟ್ಟಿತ್ತು. ಬುರುಡೆಯಲ್ಲಿ ಏರಿದ ಪೆಟ್ರೋಲಿನಲ್ಲಿ ಕಸ ತೇಲುತ್ತಿತ್ತು. ತೊಗಲಿನಲ್ಲಿ ಸೋಸಿ ಹಾಕಿದ್ದರೆ ಸಾಕಾಗಿತ್ತು. ಆದರೆ ಷೆಡ್ಡಿನ ಮೂಲೆಯಲ್ಲಿ ಒಂದು ಡ್ರಮ್ಮು ಇರುವುದು ನನಗೆ ನೆನಪಾಯಿತು. ಕೆಂಪು ಮುಚ್ಚಳ, ಮೇಲೆ ಮುದ್ರೆ. ಡಾಕ್ಟರು ಊರಿಗಾಗಿ ಓಡಾಡುವವರು, ಅವರಿಗೆ ಕಸದ ಪೆಟ್ರೋಲು ಹಾಕುವುದೇ?

“ನಿಮಗಂತ ಇಟ್ಟಿದ್ದು ಅದರೀ. ಕೆಂಪು ಮುಚ್ಚಳದ್ದು, ಹೈ” ಎಂದೆ.

ಅವೇ ನನ್ನ ಆ ಎರಡು ಮಾತು.

ಮುಚ್ಚಳ ತೆಗೆದು ಬೆರಳು ಅದ್ದಿ ಅಂಗೈ ಮೇಲೆ ಹನಿ ಬಿಟ್ಟುಕೊಂಡೆ. ತಣ್ಣಗೆ ಕೊರೆದು ಒಣಗಿತು. ಜಿಡ್ಡಿಲ್ಲ. ಡಾಕ್ಟರಿಗೂ ಅಂಗೈ ತೋರಿಸಿದೆ. ಆಮೇಲೆ ರಬ್ಬರಿನ ಕೊಳವೆಯನ್ನು ಡ್ರಮ್ಮಿನ ತಳದವರೆಗೆ ಬಿಟ್ಟು, ಬಾಯಿಂದ ಎಳೆದು, ಡಬ್ಬಿಗೆ ಇಳಿಸಿ ಅವರ ಟಾಕಿ ತುಂಬಿದೆ.

ಉಸ್ತಾದರು ಬಂದ ಮೇಲೆ ಕೀಲಿಕೈ ತಿರುಗಿ ಕೊಟ್ಟೆ. ಡ್ರಮ್ಮು ತೆಗೆದದ್ದನ್ನು ಹೇಳಲಿಲ್ಲ. ಮುಚ್ಚಿಡಬೇಕೆಂದಲ್ಲ, ಅಷ್ಟರಲ್ಲಿ ಲಾರಿಯೊಂದು ಬಂತು, ಮರೆತೆ.

ಮಹಾಗಾಂವ್ ದಾಟಿದ ಮೇಲಿನ ಏರಿನಲ್ಲಿ ಗಾಡಿ ನಿಂತಿತು. ಡಾಕ್ಟರು ನಳವನ್ನು ಟಾಕಿಯ ತಳದಿಂದ ಎಳೆಯುವ ರಿಸರ್ವಿಗೆ ತಿರುಗಿಸಿದರೆ ಒಂದೆರಡು ಸಲ ಕೆಮ್ಮಿ ಪೂರ್ತಿ ಸತ್ತಿತು. ಆ ರಸ್ತೆಯಲ್ಲಿ ಆಗ ಬಸ್ಸು ದಿನಕ್ಕೊಂದು. ಪೆಟ್ಟಿಗೆ ಹೆಗಲ ಮೇಲಿಟ್ಟುಕೊಂಡು ನಡೆದರು. ಮುಂದೆ ಒಂದು ಎತ್ತಿನ ಬಂಡಿ ಸಿಕ್ಕಿತು. ಅವರು ಕಮಲಾಪುರ ಮುಟ್ಟುವಾಗ ಹೊತ್ತು ಮುಳುಗಿತ್ತು. ಬಾಳೆ ತೋಟದ ಕೆಲಸದವನ ಹೆಂಡತಿ ನಾಗಮ್ಮ ಅವರು ಬರುವ ಸ್ವಲ್ಪ ಮೊದಲು ತೀರಿಕೊಂಡಿದ್ದಳು.

ಮರುದಿನ ಗಾಡಿಯನ್ನು ಲಾರಿಯ ಮೇಲೆ ಹಾಕಿಕೊಂಡು ಡಾಕ್ಟರು ಊರಿಗೆ ಬಂದರು. ಟಾಕಿಯಲ್ಲಿದ್ದದ್ದನ್ನು ಒಂದು ಔಷಧಿ ಬಾಟಲಿಯಲ್ಲಿ ಹಿಡಿದಿಟ್ಟು, ಪೆಟ್ರೋಲಿನಲ್ಲಿ ನೀರು ಇದೆ ಎಂದು ಶೇಟ್‌ಜಿಗೆ ಹೇಳಿ ಕಳಿಸಿದರು. ಮಾತು ನಮ್ಮ ಪಂಪಿಗೆ ಬರುವಷ್ಟರಲ್ಲಿ, ಬೇಕೆಂದೇ ನೀರು ಹಾಕಿದ್ದಾರೆ ಎಂದಾಗಿತ್ತು. ಹೊಸ ಪೊಲೀಸ್ ಅಮೀನ್ ಬಂದರು. ಷೆಡ್ಡಿನೊಳಗೆ ಮುಚ್ಚಳ ತೆಗೆದ ಡ್ರಮ್ಮು ನೋಡಿ, “ಇದರ ಕೀಲಿಕೈ ಯಾರ ಹತ್ರ ಇರ್ತದ?” ಎಂದು ಕೇಳಿದರು.

“ನನ್ನ ಹತ್ರ ರೀ” ಎಂದರು ಉಸ್ತಾದರು.

“ಬ್ಯಾರೆ ಯಾರ ಕೈಯಾಗೂ ಕೊಡಂಗಿಲ್ಲ?”

ಉಸ್ತಾದರು ಸೊಂಟದ ಕೀಲಿಕೈ ಮೇಲೆ ಕೈ ಇಟ್ಟುಕೊಂಡರು. ನನ್ನ ಕಡೆ ನೋಡಲಿಲ್ಲ. “ಜವಾಬ್ದಾರಿ ನಂದರಿ” ಎಂದರು.

“ರಜಾಕಾರರ ಗಾಡಿಗೆ ಹಾಕ್ದಂವ ಇವನೇ ಅಲ್ಲೇನ್ರಿ?” ಎಂದು ಹೊರಗೆ ನಿಂತವರಲ್ಲಿ ಯಾರೋ ಅಂದರು. ಅಷ್ಟು ಸಾಕಾಯಿತು. ಉಸ್ತಾದರನ್ನು ಚೌಕಿಗೆ ಕರೆದೊಯ್ದರು. ಹೋಗುವ ಮೊದಲು ಅವರು ಕೀಲಿಕೈಯನ್ನು ಸೊಂಟದಿಂದ ಬಿಚ್ಚಿ ಶೇಟ್‌ಜಿಯ ಹಣದ ಗಲ್ಲೆಯ ಮೇಲೆ ಇಟ್ಟರು. ನಾನು ಹಿಡಿಕೆ ಹಿಡಿದು ನಿಂತೇ ಇದ್ದೆ.

ಮಧ್ಯಾಹ್ನ ಉಸ್ತಾದರ ಹೆಂಡತಿ ಫಾತಿಮಾ ಬೀ ಎಂದಿನಂತೆ ರೊಟ್ಟಿಯ ಗಂಟು ತಂದರು. ಸುದ್ದಿ ಅವರಿಗೆ ಆಗಲೇ ಮುಟ್ಟಿತ್ತು.

“ನಾ ಚೌಕಿಗೆ ಹೋದ್ರ ಒಳಗ ಬಿಡಂಗಿಲ್ಲ ಬೇಟಾ. ನೀ ಕೊಡ್ತಿಯೇನು? ನಿನ್ನ ಮಾತು ಕೇಳ್ತಾರ” ಎಂದರು.

ಗಂಟು ಹಿಡಿದುಕೊಂಡು ಹೋದೆ. ಉಸ್ತಾದರು ಗೋಡೆಗೆ ಒರಗಿ ನೆಲದ ಮೇಲೆ ಕೂತಿದ್ದರು. ಬೈಯುತ್ತಾರೆ ಎಂದುಕೊಂಡಿದ್ದೆ. ಅವರು ರೊಟ್ಟಿ ಮುರಿಯುತ್ತ, ಪಾಠ ಒಪ್ಪಿಸಿಕೊಳ್ಳುವವರಂತೆ ಕೇಳಿದರು:

“ಅಂಗೈ ಮ್ಯಾಲ ಹಾಕಿ ನೋಡಿದ್ಯಾ?”

“ಹೌದ್ರಿ.”

“ಒಣಗ್ತಾ?”

“ಒಣಗ್ತರಿ.”

“ಜಿಡ್ಡು?”

“ಇದ್ದಿದ್ದಿಲ್ಲರಿ.”

ಬಹಳ ಹೊತ್ತು ಅಗಿದರು. ಆಮೇಲೆ, “ಸ್ಪಿರಿಟ್ಟೂ ಒಣಗ್ತದಲ್ಲೋ ಶರಣೂ. ಪೆಟ್ರೋಲಿನಕಿಂತ ತಣ್ಣಗ ಹತ್ತತದ. ಆ ಡ್ರಮ್ಮು ಪೆಟ್ರೋಲ್ ಬರೂದು ಬಂದ್ ಇದ್ದ ಕಾಲದ್ದು. ಕೆಂಪು ಮುಚ್ಚಳದ್ದು ಖಾಲಿ ಡ್ರಮ್ಮು ಯಾರೋ ಹೊರಗ ತುಂಬಿ ಕಳಿಸ್ಯಾರ. ಮಳಿ ನೀರು ಇಳದದ. ನೀರು ಸ್ಪಿರಿಟ್ಟು ಒಂದಾಗಿ ತಳಕ್ಕ ಕುಂತಾವ. ನೀ ಮ್ಯಾಲಿಂದು ನೋಡಿ ತಳದ್ದು ಹಾಕಿದಿ” ಎಂದರು. ಇನ್ನೊಂದು ತುಂಡು ರೊಟ್ಟಿ ಮುರಿದು, “ಅಂಗೈ ಸಾಲಂಗಿಲ್ಲಂತ ನಾ ಕಲಿಸಲಿಲ್ಲ. ಬಾಟಲ್ಯಾಗ ನೀರು ಕೂಡಿಸಿ ಅಲುಗಾಡಿಸಿ ನೋಡು, ತಿಳೀತದ” ಎಂದರು.

ಹೋಗಿ ನಿನ್ನ ತಪ್ಪು ಹೇಳು ಎಂದು ಅವರು ಅನ್ನಲಿಲ್ಲ. ನಾನೂ ಹೇಳುತ್ತೇನೆ ಎನ್ನಲಿಲ್ಲ. ಮನೆಯಲ್ಲಿ ತಾಯಿ, ಮದುವೆಯಾಗದ ಇಬ್ಬರು ತಂಗಿಯರು. ಒಂದು ಜೀವ ಹೋಗಿತ್ತು. ಒಪ್ಪಿಕೊಂಡರೆ ನನ್ನ ಗತಿ ಏನೆಂಬ ಅಂಜಿಕೆ ಬೇರೆ. ಭಾನುವಾರವೂ ಫಾತಿಮಾ ಬೀ ಗಂಟು ತಂದರು. ಭಾನುವಾರವೂ ಒಯ್ದು ಕೊಟ್ಟೆ. ಆ ದಿನ ಗಂಟಿನಲ್ಲಿ ನನಗೆಂದು ಬೇರೆ ಎರಡು ರೊಟ್ಟಿ ಕಟ್ಟಿದ್ದರು. ಅವನ್ನು ತಿನ್ನಲು ಆಗಲಿಲ್ಲ.

ಸಂಜೆ ಶೇಟ್‌ಜಿಯಿಂದ ಕೀಲಿಕೈ ಇಸಿದುಕೊಂಡು, ಷೆಡ್ಡಿನ ಡ್ರಮ್ಮಿನ ಮೇಲಿನ ಪೆಟ್ರೋಲು ಒಂದು ಬಾಟಲಿ, ಪಂಪಿನದು ಒಂದು ಬಾಟಲಿ ಹಿಡಿದುಕೊಂಡು ಮನೆಗೆ ಬಂದೆ. ಎರಡಕ್ಕೂ ನಾಲ್ಕು ಬೆರಳು ನೀಲಿ ಮಸಿಯ ನೀರು ಹಾಕಿದೆ. ನೀರು ನಿಂತ ಮಟ್ಟಕ್ಕೆ ದಾರ ಕಟ್ಟಿ, ಅಲುಗಾಡಿಸಿ ಇಟ್ಟೆ. ಪಂಪಿನ ಬಾಟಲಿಯಲ್ಲಿ ನೀಲಿ ನೀರು ದಾರದ ಮಟ್ಟಕ್ಕೇ ತಿರುಗಿ ನಿಂತಿತು. ಡ್ರಮ್ಮಿನದರಲ್ಲಿ ದಾರ ದಾಟಿ ಎರಡು ಬೆರಳು ಮೇಲೇರಿತು. ಪೆಟ್ರೋಲಿನಲ್ಲಿದ್ದ ಸ್ಪಿರಿಟ್ಟೆಲ್ಲ ನೀರಿಗೆ ಇಳಿದುಬಂದಿತ್ತು. ಅದನ್ನು ನೋಡುತ್ತ ಕೂತಾಗ, ಇನ್ನು ನಾನು ಸುಮ್ಮನಿದ್ದರೆ ಗೊತ್ತಿದ್ದೂ ಸುಮ್ಮನಿದ್ದಂತೆ ಎನ್ನಿಸಿತು.

ಸೋಮವಾರ ಬೆಳಿಗ್ಗೆ ದವಾಖಾನೆಗೆ ಹೋಗಿ ಡಾಕ್ಟರ ಮೇಜಿನ ಮೇಲೆ ಎರಡು ಬಾಟಲಿ ಇಟ್ಟೆ.

“ನಿಮಗ ಪೆಟ್ರೋಲ್ ಹಾಕಿದಂವ ನಾನ್ರಿ. ಉಸ್ತಾದ್ರು ಅಲ್ಲಿ ಇದ್ದೇ ಇಲ್ಲ. ಕೀಲಿಕೈ ನನ್ನ ಕೈಯಾಗಿತ್ತು.”

“ನೀ ಹಾಕಿದ್ದು ನನಗೂ ಗೊತ್ತೈತಿ. ಆದ್ರ ಅದರಾಗ ನೀರು ಬೆರಸಿದಂವ ಬ್ಯಾರೆ ಅಂತಾರಲ್ಲೋ? ಉಸ್ತಾದನ್ನ ಉಳಸಾಕ ಬಂದೀಯೇನು?”

ಅವರು ಹಿಡಿದಿಟ್ಟ ಬಾಟಲಿಯನ್ನು ತರಿಸಿ ಪಕ್ಕದಲ್ಲಿ ಇಟ್ಟು ತೋರಿಸಿದೆ. ಸ್ಪಿರಿಟ್ಟು ಹೇಗೆ ನೀರನ್ನು ಎಳೆದುಕೊಂಡು ತಳಕ್ಕೆ ಕೂರುತ್ತದೆ, ನಾನು ಹೇಗೆ ಮೇಲಿನದನ್ನು ಪರೀಕ್ಷಿಸಿ ತಳದ್ದನ್ನು ಇಳಿಸಿದೆ, ಎಲ್ಲ ಹೇಳಿದೆ. ಅವರ ಬಾಟಲಿಯಲ್ಲೂ ಎರಡು ಪದರು ಬೇರೆಬೇರೆ ನಿಂತಿದ್ದವು. ಬೆಳಕಿಗೆ ಹಿಡಿದು, ಬಿರಡೆ ತೆಗೆದು ಮೂಸಿ, ಡಾಕ್ಟರು ಕುರ್ಚಿಯ ಮೇಲೆ ಕೂತರು.

“ಆಕಿ ನಾ ಲಗೂ ಹೋಗಿದ್ರ ಉಳೀತಿದ್ಲು ಅಂತ ಹೇಳೂದಿಲ್ಲ” ಎಂದರು. “ಉಳೀತಿದ್ದಿಲ್ಲ ಅಂತನೂ ಹೇಳೂದಿಲ್ಲ. ಅದು ನಿನಗೂ ಇರ್ಲಿ, ನನಗೂ ಇರ್ಲಿ.”

ಅವರೇ ನನ್ನನ್ನು ಕರೆದುಕೊಂಡು ಚೌಕಿಗೆ ಬಂದರು. ಅಮೀನರ ಎದುರಿಗೆ ಬಾಟಲಿಗಳನ್ನು ಮತ್ತೊಮ್ಮೆ ಅಲುಗಾಡಿಸಿ ತೋರಿಸಬೇಕಾಯಿತು. ಅಮೀನರು, “ಹಂಗಾದ್ರ ಇವನ ಜಾಗಾದಾಗ ನಿನ್ನ ಕೂಡಿಸ್ತೀನಿ” ಎಂದರು. ಹಾಗೇ ಕೂಡಿಸಿದರು. ಉಸ್ತಾದರು ಎದ್ದು ಹೊರಗೆ ಹೋಗುವಾಗ ನನ್ನ ತಲೆಯ ಮೇಲೆ ಒಮ್ಮೆ ಕೈ ಇಟ್ಟರು. ಡಾಕ್ಟರು, ಇದು ತಿಳಿಯದೆ ಆದ ತಪ್ಪು ಎಂದು ಬರೆದುಕೊಟ್ಟದ್ದರಿಂದ ಮಧ್ಯಾಹ್ನದ ಹೊತ್ತಿಗೆ ನನ್ನನ್ನೂ ಬಿಟ್ಟರು.

ಪಂಪಿಗೆ ಬಂದು ನೋಡಿದರೆ ಉಸ್ತಾದರು ಶೇಟ್‌ಜಿಯ ಎದುರು ನಿಂತು ಕೈ ಚಾಚಿದ್ದರು.

“ಕೀಲಿಕೈ ಕೊಡ್ರಿ ಶೇಟ್‌ಜಿ. ಡ್ರಮ್ಮು ಚೆಲ್ಲಬೇಕಾಗ್ಯದ.”

ಶೇಟ್‌ಜಿ ಹೊರಗಿನ ಜನರ ಕಡೆ ಒಮ್ಮೆ ನೋಡಿದರು. ಆಮೇಲೆ ಕೀಲಿಕೈ ಕೊಟ್ಟರು.

ಆ ವಾರವೇ ಉಸ್ತಾದರೂ ನಾನೂ ಕಮಲಾಪುರಕ್ಕೆ ಹೋಗಿ ನಾಗಮ್ಮನ ಗಂಡನನ್ನು ಕಂಡೆವು. ಹೇಳಬೇಕಾದದ್ದನ್ನು ನಾನೇ ಹೇಳಿದೆ. ಅವನು ಕುಡುಗೋಲು ಕೆಳಗಿಟ್ಟು ಕೇಳಿದ. ಬೈಯಲಿಲ್ಲ. “ನೀರು ಕುಡೀರಿ” ಎಂದು ತಂಬಿಗೆ ತಂದುಕೊಟ್ಟು ಮತ್ತೆ ಬಾಳೆಯ ಸಾಲಿಗೆ ಹೋದ. ನೀರು ಕುಡಿದು, ತಂಬಿಗೆಯನ್ನು ಬೋರಲು ಹಾಕಿ ಬಂದೆವು.

ಅಂದಿನಿಂದ ನಮ್ಮ ಪಂಪಿನಲ್ಲಿ ಗುರುತು ಹಾಕಿದ ಬಾಟಲಿ ಬಂತು. ಹೊಸ ಡ್ರಮ್ಮು ಯಾವ ಕಂಪನಿಯದೇ ಇರಲಿ, ಮೊದಲು ತಳದಿಂದ ಎಳೆದು ನೋಡುವುದು, ನೀರು ಕೂಡಿಸಿ ಅಲುಗಾಡಿಸುವುದು, ಆಮೇಲೆ ಅಂಗೈ. ಗಾಜಿನ ಬುರುಡೆಗಳು ಹೋಗಿ ಕರೆಂಟಿನ ಪಂಪು ಬಂತು. ಮುಳ್ಳು ತಿರುಗುವ ಮೀಟರು ಬಂತು. ಕಂಪನಿಯವರು ಪೆಟ್ರೋಲು ಶುದ್ಧವಿದೆಯೆಂದು ಕಾಗದ ಕಳಿಸತೊಡಗಿದರು. ಆದರೂ ನಾನು ಬಿಟ್ಟುಬರುವ ದಿನದವರೆಗೆ ಆ ಬಾಟಲಿ ಕಿಟಕಿಯಲ್ಲಿತ್ತು.

ಬಸಲಿಂಗಾ, ನಿನಗೆ ಹೇಳುವುದಿಷ್ಟು. ಯಾವ ಪೆಟ್ರೋಲು ಎಂದು ಕೇಳಿದವನಿಗೆ ಮೊದಲು ಅವನ ಗಾಡಿ ಯಾವುದು, ಎಷ್ಟು ಹಳೆಯದು, ಏರಿನಲ್ಲಿ ಕುಟ್ಟುತ್ತದೆಯೇ ಎಂದು ಕೇಳು. ಕುಟ್ಟದೆ ಎಳೆಯುವ ಗಾಡಿಗೆ ಸಾದಾ ಪೆಟ್ರೋಲು ಸಾಕು; ಹೈ ಹಾಕಿದರೆ ಅದರ ಬಲವೇನೂ ಹೆಚ್ಚುವುದಿಲ್ಲ. ಕುಟ್ಟುವ ಗಾಡಿಯಾದರೆ ಮೊದಲು ತಲೆ ಬಿಚ್ಚಿಸಲು ಹೇಳು. ಆಮೇಲೂ ಕುಟ್ಟಿದರೆ ಹೈ ಹಾಕು. ಕಂಪನಿಯ ಹೆಸರಿಗಿಂತ, ಯಾವ ಪಂಪಿನ ಟಾಕಿಗೆ ನೀರು ಇಳಿಯುವುದಿಲ್ಲ, ಯಾವ ಪಂಪಿನಲ್ಲಿ ದಿನವೂ ಹೊಸ ಮಾಲು ಖರ್ಚಾಗುತ್ತದೆ ಎನ್ನುವುದು ದೊಡ್ಡದು. ಮತ್ತೆ, ನಿನ್ನ ಕೈಯಿಂದ ತಪ್ಪಾದರೆ ಅದೇ ದಿನ ಹೇಳು.

ಇಷ್ಟು ಬರೆದು ಉಸ್ತಾದರಿಗೆ ಓದಿ ಹೇಳಿದೆ. ಅವರಿಗೆ ಈಗ ಕಣ್ಣು ಮಂಜು. ಮಗಳ ಮನೆಯಲ್ಲಿ, ಕಮಲಾಪುರದಲ್ಲೇ ಇದ್ದಾರೆ. ಫಾತಿಮಾ ಬೀ ಹೋಗಿ ನಾಲ್ಕು ವರ್ಷವಾಯಿತು. ಕೇಳುವಾಗ ಎರಡು ಸಲ ತಲೆ ಆಡಿಸಿದರು, ಕಾಂಟ್ರಾಕ್ಟರರ ತಲೆಯ ಮಾತು ಬಂದಾಗ ನಕ್ಕರು. ಮೂವತ್ತು ವರ್ಷದಲ್ಲಿ ಒಮ್ಮೆಯೂ ಕೇಳದ ಮಾತನ್ನು ಆಗ ಕೇಳಿದೆ.

“ಉಸ್ತಾದ್, ಅವತ್ತು ಅಮೀನರು ಕೇಳಿದಾಗ ನನ್ನ ಹೆಸರು ಯಾಕ ಹೇಳ್ಲಿಲ್ಲರಿ?”

“ನೀನೇ ಹೇಳ್ತಿ ಅಂತ ಗೊತ್ತಿತ್ತಲ್ಲೋ” ಎಂದರು. ಬಸಿಯನ್ನು ತಡವಿ ಕೆಳಗಿಟ್ಟರು. “ಎರಡು ದಿನ ಹಿಡೀತದಂತ ಮಾತ್ರ ಗೊತ್ತಿದ್ದಿಲ್ಲ. ಆ ಚೌಕ್ಯಾಗ ತಿಗಣಿ ಭಾಳ ಇದ್ವು.”

ನಾನು ನಗಲಿಲ್ಲ. ಅವರೂ ನಗಲಿಲ್ಲ.

ಅಷ್ಟರಲ್ಲಿ ಗಂಗಮ್ಮ ಊಟಕ್ಕೆ ಕರೆದಳು. ಬಿಸಿ ಜೋಳದ ರೊಟ್ಟಿ, ಪುಂಡಿಪಲ್ಲೆ, ಶೇಂಗಾ ಹಿಂಡಿ, ಮೊಸರು. ಕೊನೆಗೆ ಉಸ್ತಾದರು ಚೀಲದಲ್ಲಿ ತಂದಿದ್ದ ಕಮಲಾಪುರದ ಕೆಂಪು ಬಾಳೆಹಣ್ಣು. ಉಸ್ತಾದರು ಒಂದೂವರೆ ರೊಟ್ಟಿ ತಿಂದರು, ಉಳಿದರ್ಧವನ್ನು ನನ್ನ ತಾಟಿಗೆ ಹಾಕಿದರು. ಅದನ್ನು ಪೂರ್ತಿ ತಿಂದೆ. ಕೈತೊಳೆದು ಮಂಚದ ಮೇಲೆ ಹೊರಳಿದ ಉಸ್ತಾದರಿಗೆ ಮೊದಲು ನಿದ್ದೆ ಹತ್ತಿತು. ಆಮೇಲೆ ಗಂಗಮ್ಮ ಅಡುಗೆಮನೆಯ ಹೊಸ್ತಿಲ ಹತ್ತಿರ ಸೆರಗು ಹಾಸಿ ಮಲಗಿದಳು. ನಾನು ಉಸ್ತಾದರ ಕಾಲಿನ ಮೇಲೆ ಕಂಬಳಿ ಸರಿಮಾಡಿ, ಕೂತೇ ಇದ್ದೆ.